ದೊಡ್ಡವನ ಪಾಲಿನ ಹಲಸು

ಬೆಳಿಗ್ಗೆ ಎದ್ದರೆ ನನ್ನ ಮೊದಲ ಕೆಲಸ ಬಚ್ಚಲ ಜಾಲರಿಯಿಂದ ಕಂಡವರ ಕೂದಲು ತೆಗೆಯುವುದು. ಒಂದು ಕಡ್ಡಿಗೆ ಸುತ್ತಿ ಎಳೆದರೆ ಸೋಪಿನ ಲೋಳೆ ಹಿಡಿದ ಕೂದಲು ಎರೆಹುಳದ ಹಾಗೆ ಉದ್ದಕ್ಕೆ ಬರುತ್ತದೆ. ಒಂದು ಕೆಂಪು ಬಣ್ಣ ಹಾಕಿದ್ದು, ಒಂದು ಗುಂಗುರು, ಯಾವ ಊರಿನ ಯಾರ ತಲೆಯದೋ. ಮುಖ ಆಚೆ ತಿರುಗಿಸಿಕೊಂಡೇ ಎಳೆಯುತ್ತೇನೆ. ಆದರೂ ಜಾಲರಿ ತುಂಬಿದ್ದ ದಿನ ನನಗೆ ಹಿಗ್ಗೋ ಹಿಗ್ಗು. ಕೂದಲು ಜಾಸ್ತಿ ಸಿಕ್ಕಿತೆಂದರೆ ಮೊಮ್ಮಗಳು ಅತಿಥಿಗಳಿಗೆಂದು ಮಾಡಿಸಿದ ಎರಡು ಕೋಣೆಯೂ ತುಂಬಿತ್ತೆಂದು ಲೆಕ್ಕ.

ನಾನು ಹುಟ್ಟಿನಿಂದಲೇ ಹೇಸುವ ಜಾತಿಯವನು. ನೆಂಟರ ಮದುವೆಗೆ ಹೋದರೂ ಚೀಲದಲ್ಲಿ ನನ್ನದೇ ಲೋಟ ಇರುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ಕಡಲೆಕಾಯಿ ತಿಂದು ಸಿಪ್ಪೆ ಉಗಿದರೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದದ್ದೂ ಉಂಟು. ನನ್ನ ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಾಳೆ, ಇವರಿಗೆ ಇವರ ಎಂಜಲೇ ಆಗಿಬರೋದಿಲ್ಲ ಅಂತ. ಅಂಥವನು ಇವತ್ತು ಊರವರ ಕಕ್ಕಸು ತಿಕ್ಕುತ್ತಿದ್ದೇನೆ, ತಿಕ್ಕುತ್ತಾ ಸಿಳ್ಳೆ ಹಾಕುತ್ತಿದ್ದೇನೆ. ಅದು ಹೇಗಾಯಿತು ಎಂದು ಬರೆದಿಡಬೇಕು ಅನ್ನಿಸಿತು. ಶಾಲೆಯಲ್ಲಿ ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಮಲಯಾಳದಲ್ಲಿ. ಕನ್ನಡದ ಅಕ್ಷರ ನಮ್ಮಪ್ಪ ಒಲೆಯ ಬೂದಿ ಹರಡಿ ಬೆರಳು ಹಿಡಿದು ಬರೆಸಿದ್ದು. ಬರಹದಲ್ಲಿ ಹೆಚ್ಚುಕಮ್ಮಿ ಇದ್ದರೆ ಬೂದಿಯದು ಅಂದುಕೊಳ್ಳಿ.

ನಮ್ಮ ತೋಟ ಪೆರಿಕಲ್ಲೂರಿನ ತೋಣಿ ಕಡವಿನಿಂದ ಒಂದಿಷ್ಟು ಮೇಲಕ್ಕೆ, ಕಬಿನಿ ದಂಡೆಯಲ್ಲಿದೆ. ಆಚೆ ದಡ ಕರ್ನಾಟಕ. ಅಲ್ಲಿಂದ ತೋಣಿ ಹತ್ತಿ ಬಂದವರು ನಮ್ಮ ಹಿರೀಕರು. ಈಚೆ ಕಾಫಿ, ಮೆಣಸು, ಬೇಲಿಗುಂಟ ಹಲಸು. ಆಚೆ ಬರೀ ಕಾಡು, ಕಾಡಿನಲ್ಲಿ ಆನೆ. ನಾವು ಆನೆ ಅನ್ನುವುದು ಕಮ್ಮಿ. ಹೊತ್ತು ಇಳಿದ ಮೇಲಂತೂ ಬಾಯಲ್ಲಿ ಆ ಹೆಸರು ಬರಕೂಡದು. ದೊಡ್ಡವನು ಅನ್ನುತ್ತೇವೆ.

ಮೊಮ್ಮಗಳು ಹೋಟೆಲ್ ಕೆಲಸದ ಓದು ಓದಿ, ಮೈಸೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಎರಡು ವರ್ಷ ದುಡಿದಳು. ಒಂದು ದಿನ ಪೆಟ್ಟಿಗೆ ಸಮೇತ ಬಂದು, ಅಲ್ಲಿ ಹಾಸುವ ಹಾಸಿಗೆ ಇಲ್ಲೇ ಹಾಸ್ತೀನಿ, ಕೊಟ್ಟಿಗೆ ಕೊಡಿ ಅಂದಳು. ಎತ್ತುಗಳು ಹೋದ ಮೇಲೆ ಕೊಟ್ಟಿಗೆಯಲ್ಲಿ ಕಾಫಿ ಚೀಲ ಒಟ್ಟುತ್ತಿದ್ದೆವು. ನನ್ನ ಮಗ, ಅಂದರೆ ಅವಳಪ್ಪ, ಮಾತು ಕಮ್ಮಿಯವನು. ಎರಡು ದಿನ ಯೋಚನೆ ಮಾಡಿ ಒಂದು ಕರಾರು ಹಾಕಿದ. ಈ ಕುಯ್ಲಿನ ಚೀಲ ಹೇಗೋ ಸಾಗಹಾಕುತ್ತೇನೆ. ಮುಂದಿನ ಕುಯ್ಲಿನ ಹೊತ್ತಿಗೆ ನಿನ್ನ ಕೋಣೆ ಖಾಲಿ ಬಿದ್ದಿದ್ದರೆ ಚೀಲ ಕೊಟ್ಟಿಗೆಗೆ, ನೀನು ಮೈಸೂರಿಗೆ. ಅವಳು ಹೂಂ ಅಂದಳು.

ಆ ಹುಡುಗಿಯ ಕೈಚಳಕ ಹೇಳಿದರೆ ಜಂಬ ಅನ್ನಬೇಡಿ. ಪುಲ್ಪಳ್ಳಿಯಲ್ಲಿ ಯಾರೋ ಹಳೆಮನೆ ಕೆಡವುತ್ತಿದ್ದರು, ಅಲ್ಲಿಂದ ಬಾಗಿಲು ತಂದಳು. ಕಡವಿನಲ್ಲಿ ತಳ ಒಡೆದು ಬಿದ್ದಿದ್ದ ತೋಣಿಯನ್ನು ಉದ್ದಕ್ಕೆ ಸೀಳಿಸಿ ಊಟದ ಬೆಂಚು ಮಾಡಿಸಿದಳು. ಎತ್ತು ಕಟ್ಟುವ ಗೂಟ ಕೀಳಬೇಡಿ ಅಂದಳು. ಈಗ ಅದಕ್ಕೆ ಟವೆಲು ನೇತು ಹಾಕುತ್ತಾರೆ, ಬಂದವರೆಲ್ಲ ಅದರದೇ ಫೋಟೋ ಹಿಡಿಯುತ್ತಾರೆ. ಸುಮಾರು ಐವತ್ತು ವರ್ಷ ಎತ್ತು ಉಚ್ಚೆ ಹೊಯ್ದ ಜಾಗ ಅದು. ನಾನು ಬಾಯಿ ಬಿಡಲಿಲ್ಲ.

ಅಡುಗೆ ನನ್ನವಳದು. ತೊಳೆಯುವ ಕೆಲಸಕ್ಕೆ ಜನ ಸಿಗಲಿಲ್ಲ. ಮೊಮ್ಮಗಳೇ ಸೊಂಟಕ್ಕೆ ದುಪ್ಪಟ್ಟ ಬಿಗಿದು ಕಕ್ಕಸಿಗೆ ಇಳಿದದ್ದು ನೋಡಿ ಅವಳನ್ನು ಹೊರಗೆ ಎಳೆದೆ. ಪೊರಕೆ ಕಿತ್ತುಕೊಂಡೆ. ಮೂಗಿಗೆ ಟವೆಲು ಕಟ್ಟಿ, ಕಣ್ಣು ಅರ್ಧ ಮುಚ್ಚಿ, ದೇವರೇ ದೇವರೇ ಅನ್ನುತ್ತಾ ತಿಕ್ಕಿದೆ. ಹೊರಗೆ ಬಂದು ಬಾಳೆಬುಡದಲ್ಲಿ ಕಾರಿಕೊಂಡೆ. ಮರುದಿನವೂ ಅದೇ ಪಾಡು. ಮೂರನೇ ದಿನ ಕಾರಲಿಲ್ಲ, ಅಷ್ಟೇ ವ್ಯತ್ಯಾಸ.

ಬರುವವರು ಒಳ್ಳೆಯ ಜನ, ನಗುನಗುತ್ತಾ ಮಾತಾಡುತ್ತಾರೆ. ಅವರು ಎದ್ದು ಹೋದ ಕೋಣೆ ನೋಡಿದರೆ ಮಾತ್ರ ಅದೇ ಜನವಾ ಅನ್ನಿಸುತ್ತದೆ. ಒಬ್ಬ ಮಹಾನುಭಾವ ಜಗಲಿಯಲ್ಲಿ ಕೂತು ಕಾಲುಗುರು ತೆಗೆದ; ಅದು ನನ್ನವಳು ಒಣಗಿಸಲು ಹಾಕಿದ್ದ ಮೆಣಸಿನ ಮೊರಕ್ಕೇ ಹಾರಬೇಕೇ? ಇನ್ನೊಬ್ಬ ಒಳಚಡ್ಡಿಯನ್ನು ತುಳಸಿಕಟ್ಟೆಯ ಮೇಲೆ ಹರವಿ, ಬಿಸಿಲು ಚೆನ್ನಾಗಿದೆ ಅಂದ. ದಿಂಬಿನ ಮೇಲೆ ಜೊಲ್ಲು, ಲೋಟದ ಅಂಚಿಗೆ ತುಟಿಯ ಬಣ್ಣ. ಎಲ್ಲಕ್ಕಿಂತ ಹೊಲಸು ಆ ಒದ್ದೆ ಕಾಗದ, ವೈಪ್ಸ್ ಅಂತಾರೆ. ಮುಖವನ್ನೂ ಅದರಲ್ಲೇ ಒರೆಸುತ್ತಾರೆ, ಮತ್ತೊಂದನ್ನೂ ಅದರಲ್ಲೇ ಒರೆಸುತ್ತಾರೆ. ಕೊಳೆಯುವುದಿಲ್ಲ, ಕರಗುವುದಿಲ್ಲ. ಕೋಲಿನ ತುದಿಯಲ್ಲಿ ಎತ್ತಿ, ಚಿಪ್ಸಿನ ಹಳದಿ ಪೊಟ್ಟಣಗಳ ಜೊತೆ ತೋಟದ ಕೆಳಗೆ ಗುಂಡಿ ತೋಡಿ ಹೂಳುತ್ತಿದ್ದೆ. ಹೂತರೆ ಮುಗಿಯಿತು ಅಂದುಕೊಂಡಿದ್ದೆ.

ಇಷ್ಟೆಲ್ಲ ಸಹಿಸಿದರೂ ಕೋಣೆ ತುಂಬುತ್ತಿರಲಿಲ್ಲ. ಫೋನ್ ಮಾಡಿದವರು ಕೇಳುತ್ತಿದ್ದದ್ದು ಒಂದೇ, ಆನೆ ಕಾಣುತ್ತದಾ? ಒಮ್ಮೊಮ್ಮೆ ಆಚೆ ದಡಕ್ಕೆ ನೀರಿಗೆ ಬರುತ್ತವೆ ಎಂದು ಮೊಮ್ಮಗಳು ನಿಜ ಹೇಳುತ್ತಿದ್ದಳು. ಒಮ್ಮೊಮ್ಮೆ ಬರುವ ಆನೆಗೆ ಯಾರು ಅಷ್ಟು ದೂರ ಬರುತ್ತಾರೆ? ಕೋಣೆಗೆ ದಿನಾ ಹಾಸಿಗೆ ಹಾಸಿ, ಯಾರೂ ಮಲಗದ ಆ ಹಾಸಿಗೆಯನ್ನು ಮತ್ತೆ ಕೊಡವಿ ಹಾಸುತ್ತಿದ್ದಳು. ಮಗ ಕೊಟ್ಟಿಗೆಯ ಕಡೆಗೊಮ್ಮೆ ನೋಡಿ ಹೋಗುತ್ತಿದ್ದ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಮ್ಮಲ್ಲಿ ಒಂದು ನಡಾವಳಿ ಇದೆ. ವರ್ಷದ ಮೊದಲ ಹಲಸು ಮನೆಗಲ್ಲ, ದೊಡ್ಡವನಿಗೆ. ಮರದಲ್ಲಿ ಮೊದಲು ಬಲಿತ ಹಣ್ಣನ್ನು ಕತ್ತಿ ಸೋಕಿಸದೆ, ಇಡಿಯಾಗಿ, ತೋಣಿಯಲ್ಲಿ ಹೊಳೆಗೆ ಒಯ್ಯುತ್ತೇವೆ. ಆಚೆ ದಡಕ್ಕೆ ಹತ್ತಿರ ಒಂದು ಹಾಸುಬಂಡೆ ಇದೆ. ಅದರ ಮೇಲಿಟ್ಟು, ನಿನ್ನ ಪಾಲು ನಿನಗೆ, ನಮ್ಮ ಪಾಲು ನಮಗೆ ಎಂದು ಹೇಳಿ, ತಿರುಗಿ ನೋಡದೆ ಬಂದುಬಿಡಬೇಕು. ವರ್ಷಕ್ಕೆ ಒಂದೇ ಸಲ, ಮನೆಯ ಹಿರಿಯ ಒಬ್ಬನೇ. ನಮ್ಮಪ್ಪ ಮಾಡಿದ, ನಾನು ಮಾಡಿದೆ. ಯಾಕೆ ಇಡಿಯಾಗಿ, ಯಾಕೆ ಆಚೆಗೆ ಎಂದು ನಾನು ಯಾವತ್ತೂ ಕೇಳಿದವನಲ್ಲ.

ಆ ವರ್ಷ ಮೊದಲ ಹಣ್ಣು ಆದಾಗ ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು, ಎರಡು ಜೋಡಿ, ಬೆಂಗಳೂರಿನವರು. ಬಹಳ ದಿನದ ಮೇಲೆ ಎರಡೂ ಕೋಣೆ ತುಂಬಿತ್ತು. ಸಂತೋಷದಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ದೊಡ್ಡವನ ಪಾಲಿನ ಕತೆಯೆಲ್ಲ ಹೇಳಿದೆ. ನಾವೂ ನೋಡಬೇಕು ತಾತ ಅಂದರು. ತೋಣಿಯಲ್ಲಿ ಅಷ್ಟು ಜನಕ್ಕೆ ಜಾಗವಿಲ್ಲ. ಸರಿ, ಈಚೆ ದಡದಲ್ಲೇ ಇಟ್ಟರಾಯಿತು ಅಂದೆ. ಹಣ್ಣಿನ ಘಮ ಬಂದು ಅವರಲ್ಲೊಬ್ಬಳು ಆಸೆಯಿಂದ ನೋಡಿದಳು. ಮನೆಗೆ ಬಂದವರಿಗೆ ಕೊಡದೆ ಹೇಗೆ ಎಂದು ಕತ್ತಿ ತಂದು ಕೊಯ್ದುಬಿಟ್ಟೆ. ಅವರು ನಾಲ್ಕು ತೊಳೆ ತಿಂದರು. ಮಿಕ್ಕಿದ್ದನ್ನು ದಂಡೆಯಲ್ಲಿ ಇಟ್ಟು ಬಂದೆವು. ಎಂಜಲು ಕಂಡರೆ ಆಗದ ನಾನು ದೊಡ್ಡವನಿಗೆ ಎಂಜಲು ಇಟ್ಟೆ.

ಹೊತ್ತು ಇಳಿಯುವ ಮುಂಚೆ ದೊಡ್ಡವನು ಹೊಳೆ ದಾಟಿದ. ಬೇಸಿಗೆ, ನೀರು ಅವನ ಮೊಣಕಾಲಿಗಿತ್ತು. ನೆಟ್ಟಗೆ ಹಲಸಿನ ಹತ್ತಿರ ಬಂದು ಸೊಂಡಿಲಲ್ಲಿ ಎತ್ತಿ ತಿಂದ. ಜಗಲಿಯಲ್ಲಿ ನಾಲ್ಕೂ ಜನ ಉಸಿರು ಬಿಗಿಹಿಡಿದು ಫೋನಿನಲ್ಲಿ ಹಿಡಿದುಕೊಂಡರು. ಮೊಮ್ಮಗಳು ನನ್ನ ಕೈ ಹಿಸುಕಿದಳು. ನಾನೂ ಕುಣಿದುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಆ ವಿಡಿಯೋ ಎಲ್ಲೆಲ್ಲಿಗೆ ಹೋಯಿತೋ, ವಾರದೊಳಗೆ ಫೋನು ಬಡಿದುಕೊಳ್ಳಲು ಶುರುವಾಯಿತು. ಹಲಸು ಇಡುವ ಮನೆ ಇದೇನಾ, ಯಾವತ್ತು ಇಡುತ್ತೀರಿ, ಎಷ್ಟು ಗಂಟೆಗೆ ಬರುತ್ತದೆ? ವರ್ಷಕ್ಕೆ ಒಂದೇ ಸಲ ಅಂದರೆ ಫೋನು ಇಟ್ಟುಬಿಡುತ್ತಿದ್ದರು. ನಮ್ಮಿಂದ ಎರಡು ತೋಟ ಆಚೆಗೆ ಒಬ್ಬ ಹೊಸದಾಗಿ ರೆಸಾರ್ಟ್ ಮಾಡಿದ್ದಾನೆ. ಅವನು ಜಾಣ. ಜೀಪಿನಲ್ಲಿ ಹಣ್ಣು ತರಿಸಿ ತನ್ನ ದಂಡೆಯಲ್ಲಿ ಗುಡ್ಡೆ ಹಾಕಿಸಿದ. ತಿಂದದ್ದು ಅರ್ಧ, ಕೊಳೆತದ್ದು ಅರ್ಧ. ಗಾಳಿ ಈ ಕಡೆ ಬೀಸಿದರೆ ಊಟ ಸೇರದು. ಹಲಸು ಹಣ್ಣಾದಾಗ ಎಷ್ಟು ಘಮ್ಮೆನ್ನುತ್ತದೋ ಕೊಳೆತಾಗ ಅಷ್ಟೇ ನಾತ: ಹೆಂಡದ ಪೀಪಾಯಿಯಲ್ಲಿ ಇಲಿ ಸತ್ತ ಹಾಗೆ. ನೊಣ ನಮ್ಮ ಅನ್ನದ ತಟ್ಟೆಗೂ ಬಂದವು.

ಒಂದು ಸಂಜೆ ಅವನೇ ನಮ್ಮ ಜಗಲಿಗೆ ಬಂದ. ಗುಡ್ಡೆಯ ನಾತ ಅವನ ಅಂಗಿಗೂ ಹತ್ತಿತ್ತು. ಮಲಯಾಳದಲ್ಲಿ ಹಿರಿಯರನ್ನು ಕರೆಯುವ ಹಾಗೆ ಕಾರ್ನೋರೇ, ಕಾರ್ನೋರೇ ಅನ್ನುತ್ತಾ ಸಕ್ಕರೆಯಂಥ ಮಾತಾಡಿದ. ನಿಮ್ಮ ದಂಡೆ ತಗ್ಗು, ಆನೆ ಮೊದಲು ದಾಟುವುದು ನಿಮ್ಮಲ್ಲೇ. ಹಣ್ಣು ನನ್ನದು, ಜಾಗ ನಿಮ್ಮದು. ದಿನಾ ಸಂಜೆ ಇಡೋಣ, ನನ್ನಲ್ಲಿ ಜಾಗ ಸಾಲದ ಜನರನ್ನೆಲ್ಲ ನಿಮ್ಮ ಕೋಣೆಗೆ ಕಳಿಸುತ್ತೇನೆ. ಮುಂದಿನ ಕುಯ್ಲಿನವರೆಗೆ ಒಂದು ದಿನವೂ ಖಾಲಿ ಇರುವುದಿಲ್ಲ.

ಕುಯ್ಲು ಎಂಬ ಮಾತು ಕೇಳಿ ಮೊಮ್ಮಗಳ ಮುಖ ನೋಡಿದೆ. ಅವಳು ಬೇಡ ಅನ್ನಲಿಲ್ಲ. ನನಗೂ ಬೇಡ ಅನ್ನುವ ಮುಖವಿರಲಿಲ್ಲ, ಕೊಯ್ದು ಇಟ್ಟು ತೋರಿಸಿದವನೇ ನಾನು.

ಐದು ದಿನ ಇಟ್ಟೆವು. ಐದು ದಿನವೂ ಕೋಣೆ ತುಂಬಿತು. ಆರನೇ ದಿನ ಬೆಳಿಗ್ಗೆ ನಾನು ಹಾಸಿಗೆಬಟ್ಟೆಯ ಗಂಟು ಹೊತ್ತು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋದರೆ, ನೆಲದಲ್ಲಿ ಮೊರದಗಲದ ಹೆಜ್ಜೆ. ಕಲ್ಲಿನ ಪಕ್ಕದಲ್ಲೇ ಲದ್ದಿ. ಅತಿಥಿಗಳ ಬಾಗಿಲಿಗೂ ಅದಕ್ಕೂ ಐದು ಹೆಜ್ಜೆ. ದಿನಾ ಮುಂಜಾನೆ ಮಬ್ಬಿನಲ್ಲಿ ನನ್ನವಳು ಮುಖ ತೊಳೆಯಲು ಬರುವ ಜಾಗ ಅದು. ಅವತ್ತು ಅವಳಿಗೆ ಮಂಡಿನೋವು, ತಡವಾಗಿ ಎದ್ದಿದ್ದಳು.

ಲದ್ದಿಯಲ್ಲಿ ಏನೋ ಹಳದಿ ಮಿಂಚಿತು. ಹಲಸಿನ ತೊಳೆ ಅಂದುಕೊಂಡೆ. ಕೋಲಿನಲ್ಲಿ ಬಿಡಿಸಿ ನೋಡಿದೆ. ಚಿಪ್ಸಿನ ಪೊಟ್ಟಣ. ಅದರ ಕೆಳಗೆ ಹುರಿಯ ಹಾಗೆ ಹೆಣೆದುಕೊಂಡ ಬೆಳ್ಳನೆಯದು. ಎಳೆದರೆ ಬಂತು, ಇನ್ನೂ ಬಂತು, ನಾನು ಕೋಲಿನ ತುದಿಯಲ್ಲಿ ಎತ್ತಿ ಗುಂಡಿಗೆ ಹಾಕಿದ್ದ ಅದೇ ಒದ್ದೆ ಕಾಗದ. ಗುಂಡಿಗೆ ಓಡಿಹೋಗಿ ನೋಡಿದೆ. ಮಣ್ಣು ಕೆದರಿ ಬಗೆದು ಎಲ್ಲ ಹರಡಿತ್ತು. ಹಣ್ಣಿನ ರುಚಿ ಹತ್ತಿ ಬಂದವನು ಹಣ್ಣು ಮುಗಿದ ಮೇಲೆ, ಕಂಡವರು ತಿಕ ಒರೆಸಿ ಎಸೆದದ್ದನ್ನು ತಿಂದಿದ್ದ. ನಮ್ಮಪ್ಪ ಕೈಮುಗಿದು ಪಾಲು ಕೊಡುತ್ತಿದ್ದ ದೊಡ್ಡವನು.

ಕಕ್ಕಸು ತೊಳೆದು ಕಾರಿದ್ದೆ ಅಂದೆನಲ್ಲ, ಅದು ಹೇಸಿಗೆಯೇ ಅಲ್ಲ. ಇದು ಹೇಸಿಗೆ. ಕಾರಲೂ ಬರಲಿಲ್ಲ. ಬೇರೆಯವರ ಹೊಲಸು ನೋಡಿ ಹೇಸಿದರೆ ಕಾರಿ ಹಗುರಾಗಬಹುದು. ಇದು ನನ್ನದಾಗಿತ್ತು.

ಮೊಮ್ಮಗಳನ್ನು ಕರೆದು ತೋರಿಸಿದೆ. ನೋಡಿದಳು, ಕೂತುಬಿಟ್ಟಳು.

"ತಪ್ಪು ನಂದು ಕೂಸೇ. ಕೊಯ್ದೋನು ನಾನು, ಈಚೆ ಇಟ್ಟೋನೂ ನಾನು" ಅಂದೆ.

"ನಿಲ್ಲಿಸಿದ್ರೆ ಯಾರು ಬರ್ತಾರೆ ತಾತ? ನಮ್ಮಲ್ಲಿ ಇನ್ನೇನಿದೆ?"

ಕಲ್ಲಿನ ಪಕ್ಕದ ಹೆಜ್ಜೆ ತೋರಿಸಿದೆ. ಅಜ್ಜಿ ಇವತ್ತು ಬೇಗ ಎದ್ದಿದ್ದರೆ, ಅಂದೆ ಅಷ್ಟೆ. ಅವಳು ಕಣ್ಣು ಒರೆಸಿಕೊಂಡು ಒಳಗೆ ಹೋಗಿ ರೆಸಾರ್ಟಿನವನಿಗೆ ಫೋನು ಮಾಡಿದಳು, ಇನ್ನು ನಮ್ಮ ದಂಡೆಗೆ ಹಣ್ಣು ಕಳಿಸಬೇಡಿ ಅಂತ. ಅವನು ಏನೋ ಜೋರು ಮಾಡಿದ. ಇವಳೂ ಮೈಸೂರಿನ ಹೋಟೆಲಿನಲ್ಲಿ ಜೋರು ಮಾಡುವವರನ್ನು ಎಷ್ಟೋ ಕಂಡವಳು.

ಅವತ್ತೇ ಮಗನನ್ನು ಕರೆದು ಮರ ಹತ್ತಿಸಿದೆ. ಕೆಳಗಿನ ಕೊಂಬೆಗೆ ನಾನೇ ಹತ್ತಿದೆ. ಹಣ್ಣಿದ್ದರೆ ತಾನೇ ದೊಡ್ಡವನು ಮತ್ತೆ ಬರುವುದು? ಬೇಲಿಗುಂಟ ಇದ್ದ ಅಷ್ಟೂ ಮರದ ಕಾಯಿ, ಬಲಿತದ್ದು ಎಳೆಯದು ಎಲ್ಲ, ಹಗ್ಗ ಕಟ್ಟಿ ಇಳಿಸಿದೆವು. ಅಂಗಳ ತುಂಬ ಹಸಿರು ಕಾಯಿಯ ರಾಶಿ. ಎಲ್ಲದರ ತೊಟ್ಟಿನಿಂದ ಮೇಣ ಸುರಿದು ಅಂಗಳ, ಮೆಟ್ಟಿಲು, ನನ್ನ ತಲೆ, ಎಲ್ಲ ಅಂಟಂಟು. ನನ್ನವಳು ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಲ್ಲ ಕಣ್ರೀ, ಇಷ್ಟನ್ನೂ ಯಾರ ಹೊಟ್ಟೆಗೆ ತುಂಬಲಿ?"

ಮೊಮ್ಮಗಳು ರಾಶಿ ನೋಡುತ್ತಾ ನಿಂತಿದ್ದಳು. ಆಮೇಲೆ ಅಜ್ಜಿಯನ್ನು ಕೇಳಿದಳು, ಹಣ್ಣಾಗದ ಹಲಸಿನಲ್ಲಿ ನಿನಗೆ ಏನೇನು ಮಾಡಲು ಬರುತ್ತದೆ ಅಂತ. ನನ್ನವಳು ಬೆರಳು ಮಡಿಸಲು ಶುರು ಮಾಡಿದಳು. ಎಳೆಕಾಯಿ ಜಜ್ಜಿ ಪಲ್ಯ. ಬಲಿತ ತೊಳೆ ಬೇಯಿಸಿ ತೆಂಗಿನಕಾಯಿ ರುಬ್ಬಿ ಹಾಕಿದರೆ ಪುಳುಕ್ಕು. ಎಣ್ಣೆಗೆ ಬಿಟ್ಟರೆ ಚಿಪ್ಸು. ಬೀಜದ ಸಾರು, ಬೀಜ ಸುಟ್ಟು ಚಟ್ನಿ, ಹಪ್ಪಳ. ಬೆರಳು ಮುಗಿದು ಇನ್ನೊಂದು ಕೈ ಹಿಡಿದಳು. ಮೊಮ್ಮಗಳ ಕಣ್ಣು ಮೊದಲ ದಿನ ಒಡಕು ತೋಣಿ ನೋಡಿದಾಗ ಹೇಗಾಗಿತ್ತೋ ಹಾಗೇ ಆಯಿತು.

ಆ ಶನಿವಾರ ಬಂದವರು ಆನೆಗಾಗಿ ಬಂದವರು. ಆನೆ ಇಲ್ಲ, ಇನ್ನು ಮುಂದೆಯೂ ಕರೆಸುವುದಿಲ್ಲ ಎಂದು ಮೊಮ್ಮಗಳು ಬಾಗಿಲಲ್ಲೇ ಹೇಳಿ, ಲದ್ದಿಯಲ್ಲಿ ಸಿಕ್ಕಿದ್ದನ್ನು ತೋರಿಸಿದಳು. ಅದನ್ನು ನಾನು ಒಂದು ಹಳೆ ಡಬ್ಬಿಯಲ್ಲಿ ಎತ್ತಿಟ್ಟಿದ್ದೆ. ಒಬ್ಬಳು ಬಾಯಿ ಮುಚ್ಚಿಕೊಂಡು ಓಡಿದಳು. ಒಂದು ಕಾರು ಹಾಗೇ ತಿರುಗಿ ಹೋಯಿತು. ಉಳಿದವರಿಗೆ ಮೊಮ್ಮಗಳು ಕೈಗೆ ತೆಂಗಿನೆಣ್ಣೆ ಸವರಿ, ಒಂದೊಂದು ಕತ್ತಿ ಕೊಟ್ಟು, ಅಂಗಳದಲ್ಲಿ ಗೋಣಿಯ ಮೇಲೆ ಕೂರಿಸಿದಳು. ನನ್ನವಳು ಗುರು. ಹಾಗಲ್ಲ ಮಗಾ, ಅದು ಹಲಸು, ನಿಮ್ಮತ್ತೆ ತಲೆ ಅಲ್ಲ, ಮೆತ್ತಗೆ ಸೀಳು ಎಂದು ಒಬ್ಬಳಿಗೆ ಹೇಳಿದ್ದೇ ಸೈ, ಅಂಗಳವೆಲ್ಲ ನಗು. ಮಧ್ಯಾಹ್ನ ಬಾಳೆಲೆ ಹಾಕಿ ಬಡಿಸಿದರೆ ಇನ್ನೊಮ್ಮೆ ಇನ್ನೊಮ್ಮೆ ಎಂದು ಹಾಕಿಸಿಕೊಂಡರು. ಸಂಜೆ ಆಚೆ ದಡದಲ್ಲಿ ಆನೆ ಬಂತೋ ಇಲ್ಲವೋ ನೋಡಿದವರಿಲ್ಲ. ಹಪ್ಪಳ ಲಟ್ಟಿಸುವುದರಲ್ಲಿ ಇದ್ದರು.

ನನ್ನ ಪಾಡು ಕೇಳಬೇಡಿ. ಆ ಮೇಣ ಹೊದಿಕೆಗೆ, ದಿಂಬಿಗೆ, ಬಾಗಿಲ ಚಿಲಕಕ್ಕೆ, ಕಕ್ಕಸಿನ ಬಕೆಟ್ಟಿನ ಹಿಡಿಗೂ ಮೆತ್ತಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗದು, ಅದರ ಮೇಲೆ ಕೂದಲು ಕೂತು ಮೀಸೆ ಬಂದ ಹಾಗೆ ಕಾಣುತ್ತಿತ್ತು. ಥೂ. ಬಡಪಾಯಿ ನಾನು ಉಗುರಿನಲ್ಲಿ ಕೆರೆದೆ.

ಅಲ್ಲಿಂದ ಮುಂದಿನದು ಮೊಮ್ಮಗಳ ಕೈಗುಣ. ಅಕ್ಕಪಕ್ಕದ ತೋಟದವರಿಗೂ ಹಲಸು ಹಣ್ಣಾದರೆ ದೊಡ್ಡವನ ಭಯ. ಕಾಯಿ ನಾವೇ ಇಳಿಸಿಕೊಂಡು ಹೋಗುತ್ತೇವೆ ಅಂದಾಗ ಬೇಡ ಅಂದವರಿಲ್ಲ. ಅವರ ಮನೆ ಹೆಂಗಸರೂ ಹಪ್ಪಳಕ್ಕೆ ಬಂದರು. ಕನ್ನಡ, ಮಲಯಾಳ ಎರಡರಲ್ಲೂ ಅವರ ಬಾಯಿ ಬಿಡುವಿಲ್ಲ. ಬಂದವರು ಉಂಡು, ಪೊಟ್ಟಣ ಕಟ್ಟಿಸಿಕೊಂಡು, ನೆಂಟರಿಗೆ ಹೇಳುತ್ತಾ ಹೋದರು. ಹಲಸಿನ ಕಾಲ ಮುಗಿದ ಮೇಲೂ ಒಣಗಿಸಿಟ್ಟ ತೊಳೆ ಇತ್ತು, ಬೀಜ ಇತ್ತು, ಮಳೆಗಾಲದಲ್ಲೂ ಕೋಣೆ ಕೇಳುವವರಿದ್ದರು. ಒದ್ದೆ ಕಾಗದ ತಂದವರು ವಾಪಸು ತಗೊಂಡು ಹೋಗಬೇಕು ಎಂದು ಕಟ್ಟುಮಾಡಿದಳು; ಕೋಣೆ ಕೊಡುವಾಗ ಆ ಡಬ್ಬಿ ತೋರಿಸುವ ಕೆಲಸ ನನ್ನದು. ಒಬ್ಬರೂ ಎದುರಾಡಿಲ್ಲ.

ರೆಸಾರ್ಟಿನವನ ಗುಡ್ಡೆಯನ್ನು ಫಾರೆಸ್ಟಿನವರು ಬಂದು ತೆಗೆಸಿದರು. ಅವನು ಅದನ್ನು ಅಲ್ಲೇ ಹೂಳಿಸಿದ. ಮೊದಲ ಮಳೆಗೆ ಬುಳುಬುಳು ಎಂದು ಮೇಲೆದ್ದು ಹದಿನೈದು ದಿನ ನಾರಿತು. ಈಗ ತನ್ನ ಜನರ ಊಟಕ್ಕೆ ಹಪ್ಪಳ ನಮ್ಮಲ್ಲಿಂದಲೇ ಒಯ್ಯುತ್ತಾನೆ. ಕಾರ್ನೋರೇ, ನಿಮ್ಮ ಹುಡುಗಿ ಕಿಲಾಡಿ ಎನ್ನುತ್ತಾನೆ. ಅವನಿಗೆ ಕಾಫಿ ಕೊಡುವ ಲೋಟ ಬೇರೆ ಇಟ್ಟಿದ್ದೇನೆ. ನನ್ನ ಹೇಸಿಗೆ ಎಲ್ಲಿಗೆ ಹೋಗುತ್ತದೆ?

ಮೊನ್ನೆ ಕಾಫಿ ಕುಯ್ಲಾಯಿತು. ಕಣದಲ್ಲಿ ಒಣಗಿಸಿ ಚೀಲ ತುಂಬಿ, ಮೊದಲ ಚೀಲವನ್ನು ಮಗ ಹೆಗಲಿಗೆ ಏರಿಸಿದ. ಮೊಮ್ಮಗಳು ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದಳು, ನಾನು ಪೊರಕೆ ಹಿಡಿದು ಬಚ್ಚಲ ಬಾಗಿಲಲ್ಲಿ. ಅವನು ನೇರ ಕೊಟ್ಟಿಗೆಯ ಕಡೆಗೆ ನಡೆದ. ಬಾಗಿಲ ಮುಂದೆ ಯಾರದೋ ನಾಲ್ಕು ಜೊತೆ ಚಪ್ಪಲಿ, ಅದರಲ್ಲೊಂದು ಮಗುವಿನದು, ಕೆಸರು ಮೆತ್ತಿದ್ದು. ಚೀಲ ಹೊತ್ತುಕೊಂಡೇ ಅವನ್ನು ನೋಡುತ್ತಾ ನಿಂತ. ಒಳಗಿನಿಂದ ಯಾರೋ ಕೆಮ್ಮಿದರು. ಅವನು ಹಿಂದೆ ತಿರುಗಿ, ಅಂಗಳ ದಾಟಿ, ನನ್ನ ಮುಂದೆಯೇ ಹಾದು, ನನ್ನ ಕೋಣೆಗೆ ಹೋಗಿ ಚೀಲ ಧೊಪ್ಪನೆ ಇಳಿಸಿದ.

"ಅಪ್ಪ, ಮಂಚ ಒಂಚೂರು ಗೋಡೆ ಕಡೆ ಸರಿಸ್ಕೋ. ಇನ್ನೂ ಬಹಳ ಚೀಲ ಇವೆ" ಅಂದ.

ಕಿಟಕಿಯಲ್ಲಿ ಸೆರಗಿಲ್ಲದ ಡ್ರೆಸ್ಸಿನ ಮೊಮ್ಮಗಳು ಪಕ್ಕದಲ್ಲಿದ್ದ ಅಜ್ಜಿಯ ಸೆರಗು ಎಳೆದುಕೊಂಡು ಮುಖ ಮುಚ್ಚಿಕೊಂಡಳು.

ಈಗ ನನ್ನ ಮಂಚದ ಸುತ್ತ ಮಾಡಿನವರೆಗೆ ಕಾಫಿ ಚೀಲ. ಸರಿಯಾಗಿ ಒಣಗದ ಕಾಯಿಯ ಹುಳಿನಾತ, ಗೋಣಿಯ ಧೂಳು, ಮೂಲೆಯಲ್ಲಿ ಇಲಿ ಹಿಕ್ಕೆ. ನಿನ್ನೆ ದಿಂಬಿನ ಮೇಲೆ ಒಂದು ಜಿರಲೆ ಸಿಕ್ಕಿತು. ಟವೆಲು ಮೂಗಿಗೆ ಕಟ್ಟಿಕೊಂಡೇ ಮಲಗುತ್ತೇನೆ. ಟವೆಲಿನೊಳಗೆ ನಗುತ್ತಿರುತ್ತೇನೆ, ನನ್ನವಳು ಬೈಯುತ್ತಾಳೆ. ಹೊರಗೆ ಬೇಲಿಯ ಹಲಸಿನ ಮರದಲ್ಲಿ ಬೆರಳುದ್ದದ ಮಿಡಿ ಬಿಟ್ಟಿದೆ. ಮೊದಲು ಬಲಿಯುವುದು ಯಾವುದು ಎಂದು ಈಗಲೇ ಗುರುತು ಮಾಡಿ ಒಂದು ಕೆಂಪು ದಾರ ಕಟ್ಟಿದ್ದೇನೆ. ಅದು ಇಡಿಯಾಗಿ ಹೊಳೆಗೆ ಹೋಗುತ್ತದೆ, ನಾನೊಬ್ಬನೇ ಹೋಗುತ್ತೇನೆ.